ಉಧ್ನಾ ಯಾಕೆ ಸಿಟಿ, ಸರ್ಜಾಪುರ ರಸ್ತೆಯ ಟವರ್ ಯಾಕಲ್ಲ?

ಮನೆ ಹುಡುಕುವಾಗ ನಾವು ಕೇಳೋದು ಎರಡೇ: ಸೆಂಟರ್‌ನಿಂದ ಎಷ್ಟು ದೂರ, ಎಷ್ಟನೇ ಮಹಡಿ? ಆದ್ರೆ ಒಂದು ಏರಿಯಾ ಸಿಟಿ ಅನಿಸುತ್ತೋ ಹೊರವಲಯ ಅನಿಸುತ್ತೋ ಅನ್ನೋದನ್ನ ಇವೆರಡೂ ಹೇಳಲ್ಲ.

ಸೂರತ್‌ನ ಉಧ್ನಾ ನೋಡಿ. ಹಳೇ ಊರಿನ ಉಧ್ನಾ ದರ್ವಾಜಾ ದಾಟಿ ದಕ್ಷಿಣಕ್ಕೆ ಬೆಳೆದ ಕೈಗಾರಿಕಾ ಪ್ರದೇಶ. ಆದ್ರೂ ಪಕ್ಕಾ ಸಿಟಿ. ಸೈಟುಗಳು ಸಣ್ಣವು, ಕೆಳಗೆ ಅಂಗಡಿ, ಮೇಲೆ ಮನೆ, ಹತ್ತಿರದಲ್ಲೇ ಪವರ್‌ಲೂಮ್. ಲೂಮ್‌ಗಳು ಪಾಳಿಯಲ್ಲಿ ನಡೆಯೋದ್ರಿಂದ ರಸ್ತೆಯಲ್ಲಿ ಹೊತ್ತಲ್ಲದ ಹೊತ್ತಲ್ಲೂ ಜನ ಇರ್ತಾರೆ. ಜನ ಇದ್ದಲ್ಲಿ ಚಹಾ, ನಾಸ್ತಾ, ಔಷಧಿ ಅಂಗಡಿ ತಾನಾಗೇ ಬರುತ್ತೆ. ಜೊತೆಗೆ ರೈಲ್ವೆ ಜಂಕ್ಷನ್, ಬಿಆರ್‌ಟಿಎಸ್ ಬಸ್ಸು.

ಜೇನ್ ಜೇಕಬ್ಸ್ 1961ರ ತಮ್ಮ ಪುಸ್ತಕದಲ್ಲಿ ಜೀವಂತ ರಸ್ತೆಗೆ ನಾಲ್ಕು ಷರತ್ತು ಇಟ್ರು: ಒಂದಕ್ಕಿಂತ ಹೆಚ್ಚು ಬಗೆಯ ಬಳಕೆ, ಬೇಗ ಬೇಗ ಸಿಗುವ ಅಡ್ಡರಸ್ತೆ, ಹೊಸದರ ಜೊತೆ ಹಳೇ ಕಟ್ಟಡ, ಸಾಕಷ್ಟು ಜನ. ಸರ್ಜಾಪುರ ರಸ್ತೆಯ ಗೇಟೆಡ್ ಟವರ್‌ಗಳಲ್ಲಿ ಜನ ಬೇಕಾದಷ್ಟಿದ್ದಾರೆ, ಉಳಿದ ಮೂರು ಸಿಗೋದು ಕಷ್ಟ. ಕಾಂಪೌಂಡ್ ಒಳಗಿನ ರಸ್ತೆ ಬೇರೆ ಎಲ್ಲಿಗೂ ಹೋಗಲ್ಲ, ಹಾಗಾಗಿ ಹೊರಗಿನವರು ಹಾದುಹೋಗಲ್ಲ, ಹೊಸ ಅಂಗಡಿ ಹುಟ್ಟಲ್ಲ.

‘ಕಾಲ ಕಳೆದ್ರೆ ಅದೂ ಸಿಟಿ ಆಗುತ್ತೆ’ ಅಂತೀರಾ? ಮಲ್ಲೇಶ್ವರ, ಬಸವನಗುಡಿ ಆಗಿದ್ದು ನಿಜ. 1898ರ ಪ್ಲೇಗ್ ನಂತರ ಪೇಟೆಯ ಇಕ್ಕಟ್ಟಿನಿಂದ ದೂರ ಬೆಳೆದ ಬಡಾವಣೆಗಳವು. ಆದ್ರೆ ಅಲ್ಲಿ ಅಡ್ಡರಸ್ತೆಗಳು ಎಲ್ಲರಿಗೂ ತೆರೆದಿದ್ವು, ಸೈಟುಗಳು ಬೇರೆ ಬೇರೆಯವರ ಕೈಲಿದ್ವು. ಒಬ್ಬರು ಮುಂದಿನ ಕೋಣೆಯನ್ನ ಅಂಗಡಿ ಮಾಡ್ಬಹುದಿತ್ತು, ಇನ್ನೊಬ್ಬರು ಕ್ಲಿನಿಕ್. ಗೋಡೆ ಕಟ್ಟಿದ ಲೇಔಟ್‌ಗೆ ಈ ದಾರಿ ಮುಚ್ಚಿದೆ.

ಉಧ್ನಾ ಸ್ವರ್ಗ ಅಂತ ಹೇಳ್ತಿಲ್ಲ. ಲೂಮ್ ಸದ್ದು, ಟೆಂಪೋ ಹೊಗೆ, ಧೂಳು, ಮರದ ನೆರಳು ಕಮ್ಮಿ. ಚಿಕ್ಕ ಮಕ್ಕಳಿದ್ರೆ ಗೇಟ್ ಒಳಗಿನ ನೆಮ್ಮದಿಗೂ ಬೆಲೆ ಇದೆ. ಆದ್ರೆ ಆ ಬೆಲೆಯನ್ನ ಹೆಚ್ಚಾಗಿ ಕೊಡೋರು ಗಾಡಿ ಓಡಿಸದವರು. ಊರಿಂದ ಬಂದ ಅಪ್ಪ-ಅಮ್ಮ ‘ಇಲ್ಲಿ ಕಾಲ ಹೋಗಲ್ಲಪ್ಪ’ ಅಂತ ಹದಿನೈದೇ ದಿನಕ್ಕೆ ವಾಪಸ್ ಹೊರಡೋದು ಇದಕ್ಕೇ.

ಅದಕ್ಕೆ ಅಗ್ರಿಮೆಂಟ್‌ಗೆ ಸಹಿ ಹಾಕೋ ಮುಂಚೆ ಒಂದು ಸಂಜೆ ಆ ಏರಿಯಾದಲ್ಲಿ ನಡೀರಿ. ಹಾಲು, ಮಾತ್ರೆ, ಹೂವು, ಬಸ್ ಸ್ಟಾಪು: ಇವನ್ನ ಅಮ್ಮ ಯಾರನ್ನೂ ಕಾಯದೆ, ಆ್ಯಪ್ ಒತ್ತದೆ, ಒಬ್ಬರೇ ಹೋಗಿ ಮುಟ್ಟಬಹುದಾ ನೋಡಿ. ಆಗುತ್ತೆ ಅಂದ್ರೆ, ಮ್ಯಾಪ್‌ನಲ್ಲಿ ಎಲ್ಲೇ ಇರ್ಲಿ, ಅದು ಸಿಟಿ.