ಇನ್ನೊಂದು ಟ್ಯೂಬ್‌ಲೈಟ್ ತರುವ ಮುಂಚೆ ಒಂದು ಥರ್ಮೋಕೋಲ್ ಶೀಟ್ ತನ್ನಿ



ಮಳೆಗಾಲದಲ್ಲಿ ಸಸಿ ಮಾಡುವವರಿಗೆ ಇದು ಗೊತ್ತಿರುವ ಕಷ್ಟ. ಸಾಗರದ ಕಡೆ ಜುಲೈ ಬಂತೆಂದರೆ ವಾರಗಟ್ಟಲೆ ಸೂರ್ಯನ ಮುಖ ಕಾಣಲ್ಲ. ಹೊರಗಿಟ್ಟರೆ ಸಸಿ ಕೊಳೆಯುತ್ತದೆ, ಒಳಗಿಟ್ಟರೆ ಬೆಳಕಿಲ್ಲ. ಹಾಗಾಗಿ ನಾನು ಹಳೇ ಅಡಿಕೆ ಕೋಣೆಯಲ್ಲಿ ಮೂರು ಅಂತಸ್ತಿನ ಕಬ್ಬಿಣದ ರ‍್ಯಾಕ್ ನಿಲ್ಲಿಸಿ, ಪ್ರತಿ ಅಂತಸ್ತಿಗೆ 20 ವ್ಯಾಟ್‌ನ 4 ಎಲ್‌ಇಡಿ ಟ್ಯೂಬ್ ಕಟ್ಟಿ ಸಸಿ ಮಾಡಲು ಶುರು ಮಾಡಿದೆ.

ಮೊದಲ ವರ್ಷವೇ ಪೆಟ್ಟು ಬಿತ್ತು. ಪಕ್ಕದ ಊರಿನ ಹಿರಿಯರೊಬ್ಬರಿಗೆ ಸಾವಿರ ಮೆಣಸಿನ ಸಸಿ ಕೊಡುತ್ತೇನೆ ಅಂತ ಮುಂಗಡ ತಗೊಂಡಿದ್ದೆ. ಟ್ರೇಯ ನಡುವಿನ ಸಸಿಗಳು ಗಟ್ಟಿಯಾಗಿದ್ದವು. ಅಂಚಿನವು ಮಾತ್ರ ಉದ್ದಕ್ಕೆ ಎಳೆದುಕೊಂಡು, ನೂಲಿನ ಹಾಗೆ ಸಣ್ಣಗಾಗಿ, ನಡುವಿಗೆ ವಾಲಿದ್ದವು. ಅವರು ನೋಡಿದವರೇ, "ತಮ್ಮಾ, ಇದು ಮೆಣಸಿನ ಸಸಿಯೋ, ಹುರಳಿ ಬಳ್ಳಿಯೋ?" ಅಂದರು. ಅರ್ಧ ದುಡ್ಡು ವಾಪಸ್ ಕೊಟ್ಟೆ. ತೋಟಗಾರಿಕೆ ಓದಿದವನು ಅನ್ನೋ ಹೆಸರು ಬೇರೆ ಇತ್ತಲ್ಲ, ಅದೂ ಹೋಯಿತು.

ಆಗ ನನಗೆ ಹೊಳೆದದ್ದು ಒಂದೇ ಪರಿಹಾರ: ಅಂತಸ್ತಿಗೆ ಇನ್ನೆರಡು ಟ್ಯೂಬ್ ಹಾಕೋದು. ಲೆಕ್ಕ ಹಾಕಿದೆ. 40 ವ್ಯಾಟ್, ದಿನಕ್ಕೆ 14 ಗಂಟೆ, ಮೂರು ಅಂತಸ್ತು ಅಂದರೆ ತಿಂಗಳಿಗೆ ಸುಮಾರು 50 ಯೂನಿಟ್ ಹೆಚ್ಚುವರಿ. ಕೊಳ್ಳುವ ಮುಂಚೆ ಒಮ್ಮೆ ಅಳೆದು ನೋಡೋಣ ಅನಿಸಿತು. ಅಳೆದಾಗ ಗೊತ್ತಾಯಿತು, ಬೆಳಕು ಕಡಿಮೆ ಇರಲಿಲ್ಲ. ಅದು ಪಕ್ಕದಿಂದ ಸೋರಿ ಹೋಗುತ್ತಿತ್ತು.

ಬೆಳಕು ಎಲ್ಲಿಗೆ ಹೋಗುತ್ತದೆ?

ನಾಲ್ಕಡಿ ಉದ್ದದ 20 ವ್ಯಾಟ್ ಎಲ್‌ಇಡಿ ಟ್ಯೂಬ್ ಸುಮಾರು 2,000 ಲ್ಯೂಮೆನ್ ಬೆಳಕು ಕೊಡುತ್ತದೆ. ನಾಲ್ಕು ಟ್ಯೂಬ್ ಅಂದರೆ 8,000. ನನ್ನ ಅಂತಸ್ತು ನಾಲ್ಕಡಿ ಉದ್ದ, ಎರಡಡಿ ಅಗಲ; ಅಂದರೆ ಮುಕ್ಕಾಲು ಚದರ ಮೀಟರ್‌ಗಿಂತ ತುಸು ಕಡಿಮೆ. ಎಲ್ಲ ಬೆಳಕೂ ಸಸಿಯ ಮೇಲೇ ಬಿದ್ದಿದ್ದರೆ ಸರಾಸರಿ 10,000 ಲಕ್ಸ್ ದಾಟಬೇಕಿತ್ತು. ನಾನು ಅಳೆದಾಗ ನಡುವೆ 7,200 ಇತ್ತು, ಅಂಚಿನಲ್ಲಿ ಬರೀ 3,400.

ಯಾಕೆ ಹೀಗೆ? ಎಲ್‌ಇಡಿ ಟ್ಯೂಬಿನ ಬೆಳಕು ನೆಟ್ಟಗೆ ಕೆಳಗಷ್ಟೇ ಬೀಳಲ್ಲ, ಓರೆಯಾಗಿ ಅಕ್ಕಪಕ್ಕಕ್ಕೂ ಹರಡುತ್ತದೆ. ನಡುವಿನ ಸಸಿಗೆ ನಾಲ್ಕೂ ಟ್ಯೂಬಿನಿಂದ ಬೆಳಕು ಬರುತ್ತದೆ. ಅಂಚಿನದಕ್ಕೆ ಒಂದೇ ಕಡೆಯಿಂದ. ಅದಕ್ಕೇ ಅದು ಆ ಕಡೆ ವಾಲುತ್ತದೆ. ಪಕ್ಕದಲ್ಲೊಂದು ಗೋಡೆ ಇದ್ದರೆ ಹೊರಗೆ ಹೋಗುವ ಬೆಳಕು ಬಡಿದು ವಾಪಸ್ ಬರುತ್ತದೆ. ರಿಫ್ಲೆಕ್ಟರ್ ಕೆಲಸ ಇಷ್ಟೇ. ಅದು ಹೊಸ ಬೆಳಕು ಹುಟ್ಟಿಸಲ್ಲ, ನೀವು ಬಿಲ್ ಕಟ್ಟಿದ ಬೆಳಕನ್ನ ಹೊರಗೆ ಬಿಡಲ್ಲ.

ಇನ್ನೊಂದು ಮಾತು. ಹಳೇ ಗಾಜಿನ ಟ್ಯೂಬ್ ಸುತ್ತಲೂ ಬೆಳಕು ಚೆಲ್ಲುತ್ತದೆ, ಅದಕ್ಕೆ ತಲೆಯ ಮೇಲೆ ಬಿಳಿ ಪಟ್ಟಿ ಬೇಕೇ ಬೇಕು. ಎಲ್‌ಇಡಿ ಟ್ಯೂಬಿನ ಬೆನ್ನು ಸಾಮಾನ್ಯವಾಗಿ ಮುಚ್ಚಿರುತ್ತದೆ. ಅದಕ್ಕೆ ಮೇಲಿನದಕ್ಕಿಂತ ಪಕ್ಕದ ಗೋಡೆ ಮುಖ್ಯ.

ಯಾವ ವಸ್ತು ಒಳ್ಳೇದು?

ಹೆಚ್ಚಿನವರು ತಪ್ಪುವುದು ಇಲ್ಲೇ. ಹೊಳೆಯೋದೇ ಒಳ್ಳೇದು ಅಂದುಕೊಳ್ತೀವಿ. ಹೊಳೆಯುವ ಮೈ ಬೆಳಕನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಮಂಕು ಬಿಳಿ ಮೈ ಎಲ್ಲಾ ಕಡೆಗೂ ಹರಡುತ್ತದೆ. ಸಸಿಗೆ ಬೇಕಾದದ್ದು ಸಮನಾದ ಬೆಳಕು.

ಸುಣ್ಣ ಅಥವಾ ಮಂಕು ಬಿಳಿ ಬಣ್ಣ: ರ‍್ಯಾಕ್ ಗೋಡೆಗೆ ಒತ್ತಿಕೊಂಡಿದ್ದರೆ ಆ ಬದಿಗೆ ಇದೇ ಸಾಕು. ಹೊಸದಾಗಿ ಬಳಿದ ಸುಣ್ಣ ಬಿದ್ದ ಬೆಳಕಿನ ಮುಕ್ಕಾಲಿಗೂ ಹೆಚ್ಚು ವಾಪಸ್ ಕೊಡುತ್ತದೆ. ಹೊಗೆ, ಧೂಳು ಹಿಡಿದ ಗೋಡೆಗೆ ಆ ಶಕ್ತಿ ಇಲ್ಲ. ವರ್ಷಕ್ಕೊಮ್ಮೆ ಬಳಿಯಿರಿ.

ಥರ್ಮೋಕೋಲ್: ಗಣಪತಿ ಹಬ್ಬದ ಅಲಂಕಾರಕ್ಕೆ ತರ್ತೀವಲ್ಲ, ಅದೇ. ಹಗುರ, ಅಗ್ಗ, ಬೇಕಾದಂತೆ ಕತ್ತರಿಸಬಹುದು. ನನ್ನ ಆಯ್ಕೆ ಇದು. ಇಲಿ ಕಡಿಯುತ್ತೆ, ಎರಡು ವರ್ಷಕ್ಕೆ ಹಳದಿ ತಿರುಗುತ್ತೆ, ಬೆಂಕಿ ಬೇಗ ಹಿಡಿಯುತ್ತೆ. ಈ ಮೂರು ನೆನಪಿರಲಿ.

ಮೈಲಾರ್ ಹಾಳೆ: ಚಿಪ್ಸ್ ಪೊಟ್ಟಣದ ಒಳಗೆ ಹೊಳೆಯುತ್ತಲ್ಲ, ಆ ಜಾತಿಯದು. ಸುಕ್ಕಿಲ್ಲದೆ ಬಿಗಿಯಾಗಿ ಕಟ್ಟಿದರೆ 90 ಶೇಕಡಾಕ್ಕೂ ಹೆಚ್ಚು ಬೆಳಕು ವಾಪಸ್ ಬರುತ್ತದೆ. ಆದರೆ ಬಿಗಿಯಾಗಿ ಕಟ್ಟೋದೇ ಕಷ್ಟ, ಒರೆಸಿದಂತೆಲ್ಲ ಗೀರು ಬೀಳುತ್ತದೆ. ಬಿಳಿ ಥರ್ಮೋಕೋಲಿಗಿಂತ ಸಿಗುವ ಲಾಭ ಸಣ್ಣದು.

ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್: ಬೇಡ. ಸುಕ್ಕಾದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಬೆಳಕು. ಅದಕ್ಕಿಂತ ಮುಖ್ಯವಾಗಿ ಇದರಲ್ಲಿ ಕರೆಂಟ್ ಹರಿಯುತ್ತದೆ. ಒದ್ದೆ ಕೋಣೆಯಲ್ಲಿ ಬಿಚ್ಚಿದ ವೈರಿಗೆ ತಾಗಿದರೆ ಜೀವಕ್ಕೇ ಅಪಾಯ.

ಕನ್ನಡಿ: ಭಾರ, ಒಡೆಯುತ್ತೆ, ಬೆಳಕು ಗಾಜಿನೊಳಗೆ ಎರಡು ಸಲ ಹಾದು ಬರಬೇಕು. ಕೊಟ್ಟ ದುಡ್ಡಿಗೆ ತಕ್ಕ ಲಾಭ ಇಲ್ಲ.

ಇಲಿ ಬರುತ್ತೆ ಅಂತ ಕೆಲವರು ರ‍್ಯಾಕ್ ಸುತ್ತ ಕಪ್ಪು ನೆಟ್ ಕಟ್ಟುತ್ತಾರೆ. ಕಪ್ಪು ಬೆಳಕನ್ನು ನುಂಗುತ್ತದೆ. ನೆಟ್ ಬೇಕಿದ್ದರೆ ಬಿಳಿ ಶೀಟಿನ ಹೊರಗೆ ಕಟ್ಟಿ.

ಕಟ್ಟುವುದು ಹೇಗೆ?

1. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಥರ್ಮೋಕೋಲ್ ಶೀಟ್ ತನ್ನಿ. ನಾಲ್ಕಡಿಗೆ ಎರಡಡಿಯ ಒಂದು ಅಂತಸ್ತಿನ ನಾಲ್ಕು ಬದಿಗೆ 4 ಶೀಟ್ ಸಾಕು.

2. ನನ್ನ ಅಂತಸ್ತಿನ ಎತ್ತರ 45 ಸೆಂಟಿಮೀಟರ್. ಶೀಟನ್ನು 40ಕ್ಕೆ ಕತ್ತರಿಸಿ, ಕೆಳಗೆ ಎರಡು ಇಂಚು ಗಾಳಿಗೆ ಬಿಟ್ಟಿದ್ದೇನೆ. ಟ್ರೇಯೇ ಆ ಜಾಗಕ್ಕೆ ಅಡ್ಡ ಇರುವುದರಿಂದ ಬೆಳಕು ಹೆಚ್ಚು ಸೋರಲ್ಲ.

3. ಶೀಟ್ ಟ್ರೇ ಅಂಚಿಗೆ ಒಂದು ಇಂಚಿನಷ್ಟು ಹತ್ತಿರ ಇರಲಿ. ದೂರದ ಗೋಡೆಯಿಂದ ಬರುವ ಬೆಳಕು ದಾರಿಯಲ್ಲೇ ಚದುರುತ್ತದೆ.

4. ಹಿಂದೆ ಮತ್ತು ಎರಡು ಬದಿ ತಂತಿಯಿಂದ ಕಟ್ಟಿ. ಮುಂದಿನದನ್ನು ಬಟ್ಟೆ ಕ್ಲಿಪ್‌ನಲ್ಲಿ ಸಿಕ್ಕಿಸಿ. ದಿನಾ ನೀರು ಹಾಕುವಾಗ ತೆಗೆಯಬೇಕಲ್ಲ.

5. ಟ್ಯೂಬ್, ಹೋಲ್ಡರ್, ವೈರ್ ಯಾವುದೂ ಶೀಟಿಗೆ ತಾಗಬಾರದು. ಬಿಸಿಯಾಗುವ ಹಳೇ ಬಲ್ಬ್ ಇರುವ ಕಡೆ ಥರ್ಮೋಕೋಲ್ ಬೇಡವೇ ಬೇಡ.

ಮೊಬೈಲಿನಲ್ಲೇ ಅಳೆಯಿರಿ

ಪ್ಲೇ ಸ್ಟೋರ್‌ನಲ್ಲಿ ಲಕ್ಸ್ ಮೀಟರ್ ಆ್ಯಪ್ ಉಚಿತವಾಗಿ ಸಿಗುತ್ತವೆ. ಫೋನನ್ನು ಸಸಿಯ ಎತ್ತರದಲ್ಲಿ, ಸ್ಕ್ರೀನ್ ಮೇಲೆ ಮಾಡಿ ಇಡಿ. ನಿಮ್ಮ ನೆರಳು ಬೀಳದ ಹಾಗೆ ನೋಡಿಕೊಳ್ಳಿ. ನಾಲ್ಕು ಮೂಲೆ, ಒಂದು ನಡು, ಒಟ್ಟು ಐದು ಕಡೆ ಅಳೆದು ಬರೆದಿಟ್ಟುಕೊಳ್ಳಿ. ಶೀಟ್ ಹಾಕಿದ ಮೇಲೆ ಅದೇ ಫೋನಿನಲ್ಲಿ ಮತ್ತೆ ಅಳೆಯಿರಿ. ಒಂದು ಫೋನಿಗೂ ಇನ್ನೊಂದಕ್ಕೂ ಅಂಕಿ ಬೇರೆ ಬರುತ್ತದೆ, ಅದಕ್ಕೆ ಹೋಲಿಕೆ ಮುಖ್ಯ. ನನ್ನಲ್ಲಿ ನಡುವೆ 8,600 ಆಯಿತು, ಅಂಚಿನಲ್ಲಿ 6,500. ಅಂಚಿನ ಅಂಕಿ ನಡುವಿನದರ ಮುಕ್ಕಾಲು ಭಾಗ ಇದ್ದರೆ ಸಸಿ ಸಮನಾಗಿ ಬರುತ್ತದೆ. ಅಷ್ಟು ಬರದಿದ್ದರೆ ಮೂರು ದಿನಕ್ಕೊಮ್ಮೆ ಟ್ರೇ ತಿರುಗಿಸಿ, ಜಾಗ ಬದಲಿಸಿ.

ಎರಡು ಎಚ್ಚರಿಕೆ

ನಾಲ್ಕೂ ಕಡೆ ಮುಚ್ಚಿದರೆ ತೇವ ನಿಲ್ಲುತ್ತದೆ, ಸಸಿಯ ಬುಡ ಕೊಳೆಯುವ ರೋಗ ಬರುತ್ತದೆ. ಸಣ್ಣ ಫ್ಯಾನ್ ಇಡಿ, ನೀರು ಬೆಳಗ್ಗೆ ಮಾತ್ರ ಹಾಕಿ, ಕೋಕೋಪೀಟ್‌ಗೆ ಮೊದಲೇ ಟ್ರೈಕೋಡರ್ಮಾ ಬೆರೆಸಿ.

ಎರಡನೇದು, ಕೋಣೆಯ ಸಸಿಯನ್ನು ನೇರ ಹೊಲಕ್ಕೆ ಒಯ್ಯಬೇಡಿ. ಬಯಲಿನ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಒಂದು ವಾರ ನೆರಳು ಪರದೆಯಡಿ ಇಟ್ಟು, ದಿನಾ ಸ್ವಲ್ಪ ಸ್ವಲ್ಪ ಬಿಸಿಲು ತೋರಿಸಿ.

ಮರುವರ್ಷ ಅದೇ ಹಿರಿಯರಿಗೆ ಅದೇ ರ‍್ಯಾಕಿನ, ಅದೇ ನಾಲ್ಕು ಟ್ಯೂಬಿನ ಸಸಿ ಕೊಟ್ಟೆ. ಟ್ರೇಯ ಮೂಲೆಯಿಂದಲೇ ಒಂದು ಸಸಿ ಕಿತ್ತು, ಕಾಂಡ ಬೆರಳಲ್ಲಿ ಒತ್ತಿ ನೋಡಿದರು. ಏನೂ ಹೇಳಲಿಲ್ಲ. ಟ್ರೇಗಳನ್ನು ಜೀಪಿಗೆ ಹಾಕಿಸಿಕೊಂಡು, ಪೂರ್ತಿ ದುಡ್ಡು ಎಣಿಸಿದರು.

ಈ ವಾರ ನಿಮ್ಮ ರ‍್ಯಾಕಿನ ಐದು ಕಡೆ ಅಳೆದು ನೋಡಿ. ಟ್ಯೂಬ್ ಕೊಳ್ಳಬೇಕಾ ಬೇಡವಾ ಅನ್ನೋದು ಆಮೇಲೆ.