ಮನೆಯಲ್ಲೇ ವಿದ್ಯುತ್ ಗಿಟಾರ್ ಧ್ವನಿಮುದ್ರಣ: ಗರ್ಜನೆ ಗುಂಯ್‌ಗುಡದಿರಲು ಏನು ಮಾಡಬೇಕು?

ವಿದ್ಯುತ್ ಗಿಟಾರ್ ನುಡಿಸುವವರು ಮನೆಯಲ್ಲಿ ಧ್ವನಿಮುದ್ರಣಕ್ಕೆ ತೊಡಗಿದಾಗ ಎದುರಾಗುವ ನಿರಾಶೆಯೊಂದಿದೆ. ನುಡಿಸುವಾಗ ಕೋಣೆಯನ್ನೇ ನಡುಗಿಸಿದ ನಾದವು ಮುದ್ರಣದಲ್ಲಿ ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯ ಸದ್ದಿನಂತೆ ಕೇಳಿಸುತ್ತದೆ. ಆಗ ದೋಷವನ್ನು ಗಿಟಾರಿನ ಮೇಲೆ ಹೊರಿಸಿ ಹೊಸ ಉಪಕರಣಗಳಿಗೆ ಹಣ ಸುರಿಯುವವರುಂಟು. ಆದರೆ ಬಹುತೇಕ ಸಂದರ್ಭಗಳಲ್ಲಿ ತೊಂದರೆ ಇರುವುದು ಉಪಕರಣದಲ್ಲಲ್ಲ, ಅದನ್ನು ಬಳಸುವ ಕ್ರಮದಲ್ಲಿ.

ದೋಷವೇ ಗುಣವಾದ ಬಗೆ

ಡಿಸ್ಟಾರ್ಶನ್ ಎಂಬುದು ಮೂಲತಃ ಒಂದು ದೋಷ. ಆಂಪ್ಲಿಫೈಯರಿಗೆ ಅದರ ಸಾಮರ್ಥ್ಯ ಮೀರಿದ ಸಂಕೇತ ಬಂದಾಗ ಅಲೆಯ ತುದಿಗಳು ಚಪ್ಪಟೆಯಾಗುತ್ತವೆ. ಆಗ ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟು ಕಂಪನವುಳ್ಳ ಹೊಸ ಸ್ವರಗಳು ಅದರೊಂದಿಗೆ ಸೇರಿಕೊಳ್ಳುತ್ತವೆ. 1964ರಲ್ಲಿ ಇಂಗ್ಲೆಂಡಿನ 'ದಿ ಕಿಂಕ್ಸ್' ತಂಡದ ಡೇವ್ ಡೇವೀಸ್ ಚಿಕ್ಕ ಆಂಪ್ಲಿಫೈಯರೊಂದರ ಸ್ಪೀಕರನ್ನು ಬ್ಲೇಡಿನಿಂದ ಸೀಳಿ 'ಯೂ ರಿಯಲಿ ಗಾಟ್ ಮಿ' ಹಾಡಿನ ಒರಟು ನಾದವನ್ನು ಪಡೆದದ್ದು ಪ್ರಸಿದ್ಧವಾಗಿದೆ.

ಷಡ್ಜ ಮತ್ತು ಪಂಚಮಗಳನ್ನು ಜೊತೆಯಾಗಿ ನುಡಿಸಿದರೆ ಈ ಹೊಸ ಸ್ವರಗಳು ಪರಸ್ಪರ ಹೊಂದಿಕೊಳ್ಳುತ್ತವೆ. ಅವುಗಳ ಕಂಪನಗಳ ಅನುಪಾತ 2:3. ಗಾಂಧಾರವನ್ನೂ ಸೇರಿಸಿದರೆ ನಾದ ಕಲಕಿಹೋಗುತ್ತದೆ. ರಾಕ್ ಸಂಗೀತದಲ್ಲಿ 'ಪವರ್ ಕಾರ್ಡ್' ಪ್ರಧಾನವಾದುದಕ್ಕೆ ಇದೂ ಒಂದು ಕಾರಣ.

ನೆಲಮಾಳಿಗೆಯ ನಿದರ್ಶನ

ಮನೆಯಲ್ಲಿ ಉತ್ತಮ ಮುದ್ರಣ ಅಸಾಧ್ಯವೆಂಬ ಮಾತನ್ನು ಅಮೆರಿಕದ ಟಾಮ್ ಶೋಲ್ಜ್ 1976ರಲ್ಲೇ ಸುಳ್ಳಾಗಿಸಿದರು. ಪೋಲರಾಯ್ಡ್ ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದ ಅವರು 'ಬಾಸ್ಟನ್' ತಂಡದ ಮೊದಲ ಆಲ್ಬಂನ ಬಹುಭಾಗವನ್ನು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಮುದ್ರಿಸಿಕೊಂಡರು. ಆಂಪ್ಲಿಫೈಯರ್ ಮತ್ತು ಸ್ಪೀಕರಿನ ನಡುವೆ ಕುಳಿತು ಶಕ್ತಿಯ ಒಂದಂಶವನ್ನು ಶಾಖವಾಗಿ ಪರಿವರ್ತಿಸುವ 'ಪವರ್ ಸೋಕ್' ಸಾಧನವನ್ನು ರೂಪಿಸಿದವರೂ ಅವರೇ. ನೆರೆಹೊರೆಯವರ ನಿದ್ದೆ ಕೆಡಿಸದೆ ಆಂಪ್ಲಿಫೈಯರನ್ನು ಪೂರ್ಣ ಬಲದಲ್ಲಿ ದುಡಿಸುವುದು ಅದರ ಉದ್ದೇಶ.

ಗೇನ್ ಕಡಿಮೆ, ಪದರ ಹೆಚ್ಚು

ಮೊದಲ ನಿಯಮವೆಂದರೆ, ಒಬ್ಬರೇ ನುಡಿಸುವಾಗ ಹಿತವೆನಿಸುವ ಪ್ರಮಾಣಕ್ಕಿಂತ ಗೇನ್ ಕಡಿಮೆ ಇಡುವುದು. ಗೇನ್ ಅತಿಯಾದಷ್ಟೂ ತಂತಿ ಮೀಟುವ ಪೆಟ್ಟು ಅಡಗಿ, ಡ್ರಮ್ ಮತ್ತು ಬೇಸ್‌ಗಳ ನಡುವೆ ಗಿಟಾರ್ ಮಸುಕಾಗುತ್ತದೆ. ದಪ್ಪ ನಾದ ಬೇಕಾದರೆ ಅದೇ ಭಾಗವನ್ನು ಎರಡು ಬಾರಿ ನುಡಿಸಿ ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಇರಿಸಬೇಕು. ಒಂದೇ ಮುದ್ರಣವನ್ನು ನಕಲು ಮಾಡಿ ಎರಡೂ ಕಡೆ ಇಟ್ಟರೆ ವಿಸ್ತಾರ ದೊರೆಯದು. ಎರಡು ಬಾರಿಯ ನುಡಿಸುವಿಕೆಯಲ್ಲಿರುವ ಸಣ್ಣ ವ್ಯತ್ಯಾಸಗಳೇ ಆ ವಿಸ್ತಾರದ ಮೂಲ.

ಸ್ಪೀಕರೂ ವಾದ್ಯದ ಭಾಗವೇ

ಪೆಡಲಿನಿಂದ ನೇರವಾಗಿ ಕಂಪ್ಯೂಟರಿಗೆ ತಂತಿ ಎಳೆದರೆ ಕರ್ಕಶ ಸದ್ದು ಖಚಿತ. ಹನ್ನೆರಡು ಇಂಚಿನ ಗಿಟಾರ್ ಸ್ಪೀಕರು ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ಕಂಪನಗಳನ್ನು ಬಹಳವಾಗಿ ತಗ್ಗಿಸುತ್ತದೆ. ಆ ಸೋಸುವಿಕೆ ಇಲ್ಲಿ ನಡೆಯುವುದಿಲ್ಲ. ಆದ್ದರಿಂದ ತಂತ್ರಾಂಶದಲ್ಲಿ ಸ್ಪೀಕರ್ ಪೆಟ್ಟಿಗೆಯ ಗುಣವನ್ನು ಅನುಕರಿಸುವ 'ಇಂಪಲ್ಸ್ ರೆಸ್ಪಾನ್ಸ್' ಕಡತವನ್ನು ಬಳಸಬೇಕು. 'ನ್ಯೂರಲ್ ಆಂಪ್ ಮಾಡೆಲರ್'ನಂತಹ ಆಂಪ್ಲಿಫೈಯರ್ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ.

ಗಿಟಾರನ್ನು ಆಡಿಯೋ ಇಂಟರ್‌ಫೇಸಿನ 'ಇನ್‌ಸ್ಟ್ರುಮೆಂಟ್' ಒಳದಾರಿಗೇ ಜೋಡಿಸಬೇಕು. 'ಲೈನ್' ಒಳದಾರಿಯಲ್ಲಿ ನಾದ ಮಂಕಾಗುತ್ತದೆ. ಮುದ್ರಣದ ಗರಿಷ್ಠ ಮಟ್ಟ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇದ್ದರೆ ಸಾಕು. ಮೈಕ್ ಬಳಸುವವರು ಅದನ್ನು ಸ್ಪೀಕರಿನ ಬಟ್ಟೆಯಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿಟ್ಟು ಸ್ಥಾನ ಬದಲಿಸುತ್ತಾ ಆಲಿಸಬೇಕು. ಸ್ಪೀಕರಿನ ನಡುವೆ ನಾದ ಹರಿತ, ಅಂಚಿನತ್ತ ಸರಿದಂತೆ ಮೃದು. ಕೊನೆಯಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು ಸದ್ದನ್ನು ಕತ್ತರಿಸಿದರೆ ಬೇಸ್ ವಾದ್ಯಕ್ಕೆ ಜಾಗ ಸಿಗುತ್ತದೆ.

ಎಚ್ಚರಿಕೆ ಅಗತ್ಯ

ವಾಲ್ವ್ ಆಂಪ್ಲಿಫೈಯರಿನ ಸದ್ದು ತಗ್ಗಿಸಲೆಂದು ಸ್ಪೀಕರ್ ತಂತಿಯನ್ನು ಕಿತ್ತು ನುಡಿಸುವುದು ಅಪಾಯಕರ. ಸ್ಪೀಕರಾಗಲಿ, ಅದರ ಸ್ಥಾನದಲ್ಲಿ ಸೂಕ್ತ ಲೋಡ್ ಸಾಧನವಾಗಲಿ ಇಲ್ಲದಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಗುಂಯ್ ಎನ್ನುವ ಸದ್ದು ನಿಲ್ಲಿಸಲು ಮೂರು ಕಡ್ಡಿಯ ಪ್ಲಗ್ಗಿನ ಅರ್ತ್ ಸಂಪರ್ಕವನ್ನು ತೆಗೆಯುವುದಂತೂ ಪ್ರಾಣಕ್ಕೇ ಎರವಾದೀತು.

ಇನ್ನೊಂದು ಮಾತು. ಒಮ್ಮೆ ಡಿಸ್ಟಾರ್ಶನ್ ಸಹಿತ ಮುದ್ರಿಸಿದ ನಾದದಿಂದ ಅದನ್ನು ಬೇರ್ಪಡಿಸಿ ತೆಗೆಯುವುದು ಸುಲಭವಲ್ಲ. ಹಾಗಾಗಿ ಗಿಟಾರಿನ ಶುದ್ಧ ಸಂಕೇತವನ್ನೂ ಪ್ರತ್ಯೇಕವಾಗಿ ಉಳಿಸಿಕೊಳ್ಳುವುದು ಲೇಸು. ಮರುದಿನ ನಾದ ಹಿಡಿಸದಿದ್ದರೆ, ಚೆನ್ನಾಗಿ ನುಡಿಸಿದ್ದನ್ನು ಕಳೆದುಕೊಳ್ಳದೆ ಬೇರೆ ನಾದವನ್ನು ಆರಿಸಿಕೊಳ್ಳಬಹುದು.