ಕ್ಯಾಶ್ ಕೊಟ್ರೆ ಜಿಎಸ್‌ಟಿ ತಪ್ಪುತ್ತಾ?

2025ರ ಜುಲೈ. ಬೆಂಗಳೂರಿನ ಎಷ್ಟೋ ಕಾಂಡಿಮೆಂಟ್ಸ್, ಬೇಕರಿಗಳಲ್ಲಿ ಕ್ಯೂಆರ್ ಕೋಡ್ ಮಾಯ. ಅದರ ಜಾಗದಲ್ಲಿ ಚೀಟಿ: ‘ನೋ ಯುಪಿಐ, ಓನ್ಲಿ ಕ್ಯಾಶ್’.

ಕಾರಣ, ಅಂಗಡಿಯವರಿಗೆ ವಾಣಿಜ್ಯ ತೆರಿಗೆ ಇಲಾಖೆ ಕಳಿಸಿದ ಜಿಎಸ್‌ಟಿ ನೋಟಿಸು. 2021-22ರಿಂದ ಅಂಗಡಿಗಳಿಗೆ ಯುಪಿಐನಲ್ಲಿ ಬಂದ ದುಡ್ಡಿನ ಲೆಕ್ಕ ಇಲಾಖೆ ಕೈಗೆ ಸಿಕ್ಕಿತ್ತು.

ಕಾನೂನು ಏನ್ ಹೇಳುತ್ತೆ? ಸರಕು ಮಾರೋರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರದ್ದು 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಲಾಭ ಅಲ್ಲ, ವಹಿವಾಟು! ವಿಜಯನಗರದ ಬೇಕರಿಯೊಂದರ ಗಲ್ಲಾಕ್ಕೆ ದಿನಾ 11 ಸಾವಿರ ಬಿದ್ರೆ ಸಾಕು, ವರ್ಷಕ್ಕೆ 40 ಲಕ್ಷ ದಾಟುತ್ತೆ.

ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕು ಮಾತ್ರ ಮಾರೋರಿಗೆ ನೋಂದಣಿ ಬೇಡ. ಆದ್ರೆ ಯುಪಿಐ ಲೆಕ್ಕದಲ್ಲಿ ಹಾಲಿನ ದುಡ್ಡು, ಸಿಗರೇಟಿನ ದುಡ್ಡು, ಭಾವಮೈದ ಕೊಟ್ಟ ಕೈಸಾಲ ಎಲ್ಲಾ ಒಂದೇ. ಅದನ್ನ ಬಿಡಿಸಿ ತೋರಿಸಬೇಕಾದವರು ಅಂಗಡಿಯವರು.

ಜುಲೈ 23ರಂದು ವರ್ತಕರ ಜೊತೆ ಸಭೆ ನಡೆಸಿದ ಮುಖ್ಯಮಂತ್ರಿ ಸಿದ್ದರಾಮಯ್ಯ, ನೋಂದಣಿ ಮಾಡಿಸಿಕೊಳ್ಳಿ, ಹಳೇ ಬಾಕಿ ವಸೂಲಿ ಮಾಡಲ್ಲ ಅಂದ್ರು.

ಹಾಗಾದ್ರೆ ಕ್ಯಾಶ್ ತಗೊಂಡ್ರೆ ಬಚಾವಾ? ಇಲ್ಲ. ನೋಟಾದ್ರೂ ಫೋನಾದ್ರೂ ವಹಿವಾಟು ವಹಿವಾಟೇ. ನೋಂದಣಿ ಮಾಡಿಸಿದ್ರೆ, ವರ್ಷದ ವಹಿವಾಟು ಒಂದೂವರೆ ಕೋಟಿಯೊಳಗಿರೋ ವ್ಯಾಪಾರಿಗಳಿಗೆ 1% ತೆರಿಗೆಯ ಕಾಂಪೊಸಿಷನ್ ಸ್ಕೀಮ್ ಇದೆ. ನೋಟಿಸ್ ಬಂದ್ರೆ ಮೂಲೆಗೆ ಎಸೀಬೇಡಿ. ಖರೀದಿ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟು ಉತ್ತರ ಕೊಡಿ.

ನಿಮ್ಮ ಬೀದಿ ಅಂಗಡಿಯವರಿಗೆ ಈ ವಿಡಿಯೋ ಕಳಿಸಿ.